ನೊಣದ ನಿದ್ದೆ ಕಟ್ಟಿಕೊಂಡು ಏನಾಗಬೇಕು?

ಪ್ರಶ್ನೆ: ಮಗಳು ಬೆಂಗಳೂರಿನಲ್ಲಿ ಪಿಎಚ್‌ಡಿಗೆ ಸೇರಿದ್ದಾಳೆ. ವಿಷಯ ಹಣ್ಣುನೊಣಗಳ ನಿದ್ದೆಯಂತೆ! ಸರ್ಕಾರದ ಫೆಲೋಶಿಪ್ ತೆಗೆದುಕೊಂಡು ನೊಣ ಮಲಗುವುದನ್ನು ನೋಡುತ್ತಾ ಕೂರುವ ಬದಲು ಯಾವುದಾದರೂ ಕಾಯಿಲೆಗೆ ಔಷಧಿ ಹುಡುಕಬಾರದೇ? ನನಗೂ ಶುಗರ್ ಇದೆ. ಈಚೆಗೆ ಡಾಕ್ಟರು ವಾರಕ್ಕೊಂದು ಸೆಮಾಗ್ಲುಟೈಡ್ ಇಂಜೆಕ್ಷನ್ ಬರೆದಿದ್ದಾರೆ. ಅಂಥದ್ದೇನಾದರೂ ಮಾಡಿದರೆ ನಾಲ್ಕು ಜನಕ್ಕೆ ಉಪಯೋಗವಲ್ಲವೇ?
– ಓದುಗರು, ದಾವಣಗೆರೆ

ಉತ್ತರ: ಸೆಮಾಗ್ಲುಟೈಡ್ ಹೆಸರನ್ನು ನೀವೇ ಎತ್ತಿದ್ದು ಒಳ್ಳೆಯದಾಯಿತು. ಅದರ ಮೂಲ ಹುಡುಕಿಕೊಂಡು ಹೋದರೆ ಒಂದು ಮೀನು ಸಿಗುತ್ತದೆ, ದಾರಿಯಲ್ಲಿ ಒಂದು ಹಲ್ಲಿಯೂ ಸಿಗುತ್ತದೆ.

ಸಕ್ಕರೆಯನ್ನು ನೇರವಾಗಿ ರಕ್ತನಾಳಕ್ಕೆ ಕೊಟ್ಟಾಗಿನದಕ್ಕಿಂತ ಬಾಯಲ್ಲಿ ಕುಡಿಸಿದಾಗ ಇನ್ಸುಲಿನ್ ಹೆಚ್ಚು ಬರುತ್ತದೆ ಎನ್ನುವುದು 1964ರಲ್ಲೇ ಗೊತ್ತಾಗಿತ್ತು. ಅಂದರೆ ಮೇದೋಜೀರಕ ಗ್ರಂಥಿಗೆ ಕರುಳಿನಿಂದ ಏನೋ ಸುದ್ದಿ ಹೋಗುತ್ತಿದೆ. ಏನದು? ಬಾಸ್ಟನ್ನಿನ ಜೋಯಲ್ ಹೇಬನರ್ ಹುಡುಕಲು ಹೊರಟದ್ದು ಅದನ್ನಲ್ಲ. ರಕ್ತದ ಸಕ್ಕರೆ ಏರಿಸುವ ಗ್ಲುಕಗಾನ್ ಹಾರ್ಮೋನು ದೇಹದಲ್ಲಿ ಹೇಗೆ ತಯಾರಾಗುತ್ತದೆ ಎಂದು ನೋಡಲು ಅವರ ತಂಡ ಆಂಗ್ಲರ್ ಮೀನನ್ನು ಆರಿಸಿಕೊಂಡಿತು. ನಮ್ಮಲ್ಲಿ ಹಾರ್ಮೋನು ಸುರಿಸುವ ಕೋಶಗಳು ಗ್ರಂಥಿಯ ತುಂಬ ಚದುರಿಕೊಂಡಿರುತ್ತವೆ. ಈ ಮೀನಿನಲ್ಲಿ ಅವೆಲ್ಲ ಬೇರೆಯೇ ಗಂಟಾಗಿ ಕೂತಿರುವುದರಿಂದ ಬಿಡಿಸಿ ತೆಗೆಯುವುದು ಸುಲಭ. ಸಾಲದ್ದಕ್ಕೆ, ಸಸ್ತನಿಗಳ ಜೀನ್ ಮುಟ್ಟಲು ಆಗ ಕಟ್ಟುನಿಟ್ಟಿನ ನಿಯಮಗಳಿದ್ದವು.

ಗ್ಲುಕಗಾನ್ ಇರುವ ಜೀನಿನಲ್ಲೇ ಅದನ್ನು ಹೋಲುವ ಇನ್ನೊಂದು ಹಾರ್ಮೋನಿನ ಗುರುತೂ ಇರುವುದು 1982ರಲ್ಲಿ ಕಂಡಿತು. ಮುಂದೆ ಹ್ಯಾಮ್‌ಸ್ಟರ್‌ನಲ್ಲಿ, ಮನುಷ್ಯರಲ್ಲಿ ನೋಡಿದಾಗ ಜಿಎಲ್‌ಪಿ-1 ಎಂಬ ಹಾರ್ಮೋನು ಸಿಕ್ಕಿತು. ಊಟವಾದ ಮೇಲೆ ಇನ್ಸುಲಿನ್ ಹೆಚ್ಚಿಸುವ ಕರುಳಿನ ಸುದ್ದಿಗಳಲ್ಲಿ ಅದೂ ಒಂದು.

ಆದರೆ ರಕ್ತದಲ್ಲಿ ಅದು ನಿಲ್ಲುವುದೇ ಒಂದೆರಡು ನಿಮಿಷ. ಕಿಣ್ವವೊಂದು ಬಂದು ಕತ್ತರಿಸಿಬಿಡುತ್ತದೆ. ಇತ್ತ ನ್ಯೂಯಾರ್ಕಿನ ಜಾನ್ ಎಂಗ್, ಗಿಲಾ ಮಾನ್‌ಸ್ಟರ್ ಎಂಬ ಮರುಭೂಮಿ ಹಲ್ಲಿಯ ವಿಷದಲ್ಲಿ ಹೊಸ ಹಾರ್ಮೋನುಗಳೇನಾದರೂ ಇವೆಯೇ ಎಂದು ಸೋಸುತ್ತಿದ್ದರು. 1992ರಲ್ಲಿ ಅವರು ವರದಿ ಮಾಡಿದ ಎಕ್ಸೆಂಡಿನ್-4 ಹೆಚ್ಚುಕಡಿಮೆ ಅರ್ಧದಷ್ಟು ಜಿಎಲ್‌ಪಿ-1 ಥರವೇ ಇತ್ತು. ಇವೆರಡೂ ಅಮೈನೋ ಆಮ್ಲಗಳ ಸರಪಳಿಗಳು; ಹಲ್ಲಿಯದರ ಎರಡನೇ ಜಾಗದಲ್ಲಿ ಅಲನೀನ್ ಎಂಬ ಆಮ್ಲದ ಬದಲು ಗ್ಲೈಸೀನ್. ಅಷ್ಟಕ್ಕೇ ಕಿಣ್ವದ ಹಲ್ಲು ನಾಟುವುದಿಲ್ಲ! ಅದರಿಂದ ಬಂದ ಎಕ್ಸೆನಟೈಡ್ ಎಂಬ ಶುಗರ್ ಔಷಧಿಗೆ ಅಮೆರಿಕದಲ್ಲಿ 2005ರಲ್ಲಿ ಒಪ್ಪಿಗೆ ಸಿಕ್ಕಿತು. (ನಿಮ್ಮ ಇಂಜೆಕ್ಷನ್ನಿನಲ್ಲಿ ಹಲ್ಲಿ ವಿಷವಿದೆ ಎಂದು ವಾಟ್ಸ್‌ಆ್ಯಪಿನಲ್ಲಿ ಬಂದರೆ ನಂಬಬೇಡಿ. ಸೆಮಾಗ್ಲುಟೈಡ್ ಮನುಷ್ಯರ ಜಿಎಲ್‌ಪಿ-1 ಮಾದರಿಯದು. ಅದರಲ್ಲೂ ಕಿಣ್ವ ಕಚ್ಚುವ ಜಾಗವನ್ನೇ ಬದಲಿಸಿ, ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುವ ಕೊಬ್ಬಿನ ಬಾಲ ಸೇರಿಸಿದ್ದಾರೆ. ಹಾಗಾಗಿ ವಾರಕ್ಕೊಂದು ಸಾಕು.)

1980ರಲ್ಲಿ ಯಾರಾದರೂ ದುಡ್ಡು ಕೊಟ್ಟು "ಶುಗರ್‌ಗೆ ಔಷಧಿ ಹುಡುಕಿ" ಎಂದಿದ್ದರೆ ಮೀನಿನ ಹತ್ತಿರ ಯಾರು ಹೋಗುತ್ತಿದ್ದರು? ಹಾಗಂತ ಪ್ರತಿ ಸಂಶೋಧನೆಯಿಂದಲೂ ಔಷಧಿ ಬರುತ್ತದೆ ಎಂದರೆ ಸುಳ್ಳಾಗುತ್ತದೆ. ಬಹಳಷ್ಟು ಪ್ರಬಂಧಗಳು ಪ್ರಬಂಧಗಳಾಗಿಯೇ ಉಳಿಯುತ್ತವೆ. ಯಾವುದು ಫಲ ಕೊಡುತ್ತದೆಂದು ಮೊದಲೇ ತಿಳಿಯದ ಕಾರಣ ಹಲವು ಕಡೆ ಹಣ ಹಾಕಲೇಬೇಕು. ಅನುದಾನ ಕೇಳುವಾಗ ಕ್ಯಾನ್ಸರ್, ಶುಗರ್ ಎಂದು ಸೇರಿಸಿ ಬರೆಯುವ ನಮ್ಮವರ ಚಾಳಿ ನನಗಂತೂ ಹಿಡಿಸುವುದಿಲ್ಲ.

ನೊಣದ ವಿಷಯಕ್ಕೆ ಬಂದರೆ, ಅದರ ದಿನಚರಿ ಕೆಡಿಸುವ, ಒಂದೇ ಜೀನಿನ ದೋಷಗಳನ್ನು 1971ರಲ್ಲಿ ವಿಜ್ಞಾನಿಗಳಾದ ಕೊನೊಪ್ಕಾ ಮತ್ತು ಬೆಂಜರ್ ಗುರುತಿಸಿದರು. ಸಂಜೆ ಏಳೂವರೆಗೇ ಕಣ್ಣು ಎಳೆದು ಬೆಳಗಿನ ಜಾವ ನಾಲ್ಕೂವರೆಗೆ ಎಚ್ಚರವಾಗುವ ಕುಟುಂಬವೊಂದರಲ್ಲಿ 2001ರಲ್ಲಿ ಸಿಕ್ಕ ದೋಷ ಅದೇ ಜೀನಿನ ಮಾನವ ರೂಪದ್ದು. ನೊಣದ ಈ ದೇಹ ಗಡಿಯಾರದ ಕೆಲಸಕ್ಕೆ 2017ರ ನೊಬೆಲ್ ಸಂದಿತು.

ಮಗಳು ಊರಿಗೆ ಬಂದಾಗ, ಇದರಿಂದ ಯಾವ ಔಷಧಿ ಬರುತ್ತದೆ ಎನ್ನುವುದನ್ನು ಬಿಟ್ಟು, ನೊಣ ಮಲಗಿದೆಯೆಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿ ನೋಡಿ. ಸಾಮಾನ್ಯವಾಗಿ ಸಣ್ಣ ಗಾಜಿನ ಕೊಳವೆಯಲ್ಲಿ ಒಂದೊಂದೇ ನೊಣ ಬಿಟ್ಟು, ನಡುವೆ ಇನ್‌ಫ್ರಾರೆಡ್ ಕಿರಣ ಹಾಯಿಸುತ್ತಾರೆ. ಐದು ನಿಮಿಷ ಆ ಕಿರಣ ದಾಟದಿದ್ದರೆ ನಿದ್ದೆ ಎಂದು ಲೆಕ್ಕ. ಐದೇ ನಿಮಿಷ ಯಾಕೆ ಎಂದೂ ಕೇಳಿ. ಮಾತು ರಾತ್ರಿ ಊಟದವರೆಗೂ ಹೋಗುತ್ತದೆ.