ಕ್ಯಾಲರಿ ಲೆಕ್ಕದ ಡಯಟ್‌ನಲ್ಲಿದ್ದೇನೆ, ಸಕ್ಕರೆ ಬಿಟ್ಟಿದ್ದೇನೆ. ಯಾವ ಸಿಹಿ ತಿಂದರೆ ತೂಕಕ್ಕೆ ತೊಂದರೆ ಇಲ್ಲ?

ದಿನಕ್ಕೆ 1400 ಕ್ಯಾಲರಿಯ ಊಟ, ಸಕ್ಕರೆ ಪೂರ್ತಿ ಬಂದ್, ಆಸೆಯಾದಾಗ ಖರ್ಜೂರದ ಲಾಡು, ಬೆಲ್ಲದ ಚಿಕ್ಕಿ. ಆದರೂ ತೂಕದ ಮುಳ್ಳು ಅಲ್ಲಾಡುತ್ತಿಲ್ಲ, ಇನ್ನೂ ಒಳ್ಳೆಯ ಸಿಹಿ ಯಾವುದಾದರೂ ಉಂಟಾ ಅಂತ ಕೇಳಿದ್ದೀರಿ. ಮಾರಾಯ್ರೇ, ಬೇರೆ ಸಿಹಿ ಹುಡುಕುವ ಮೊದಲು ಆ ಲಾಡನ್ನು ತೂಕಕ್ಕೆ ಇಡಿ.

ನಾನು ಒಂದು ಮಳೆಗಾಲ ಪೂರ್ತಿ ಹೀಗೇ ಕಳೆದವಳು. ನನ್ನ ಕೆಲಸ ಮಂಗಳೂರಲ್ಲಿ, ಅಮ್ಮ ಇರುವುದು ಉಡುಪಿಯಲ್ಲಿ. ಡಾಕ್ಟ್ರು ತೂಕ ಇಳಿಸಲೇಬೇಕು ಅಂದ ಮೇಲೆ ಚಾಕ್ಕೆ ಸಕ್ಕರೆ ಹಾಕುವುದು ನಿಲ್ಲಿಸಿದೆ, ಬೆಳಗ್ಗಿನ ಬನ್ಸ್ ಬಿಟ್ಟೆ, ಸಂಜೆಯ ಗೋಳಿಬಜೆ ಬಿಟ್ಟೆ. ಅಮ್ಮನಿಗೆ ಮಗಳು ಒಣಗಿ ಹೋಗುತ್ತಾಳೆ ಅಂತ ಸಂಕಟ. ವಾರದ ಕೊನೆಗೆ ಮನೆಗೆ ಹೋದಾಗ ಸ್ಟೀಲ್ ಡಬ್ಬಿ ತುಂಬಾ ಖರ್ಜೂರದ ಲಾಡು ಕಟ್ಟಿಕೊಡುತ್ತಿದ್ದರು. "ಡಾಕ್ಟ್ರು ಬೇಡ ಹೇಳಿದ್ದು ಸಕ್ಕರೆ ಅಲ್ವಾ? ಇದರಲ್ಲಿ ಒಂದು ಹರಳು ಸಕ್ಕರೆ ಇಲ್ಲ ಮಗಾ, ಧೈರ್ಯದಲ್ಲಿ ತಿನ್ನು."

ತಿಂದೆ. ಹನ್ನೊಂದು ಗಂಟೆಗೆ ಒಂದು, ಸಂಜೆ ಚಾದೊಟ್ಟಿಗೆ ಒಂದು, ರಾತ್ರಿ ಊಟ ಆದ ಮೇಲೆ ಒಂದು.

ತಪ್ಪಾದದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮದೂ ಅಲ್ಲೇ ತಪ್ಪುತ್ತಿದೆ ಅಂತ ನನಗೆ ಬಲವಾಗಿ ಅನಿಸುತ್ತದೆ. ನಾನು ದೋಸೆ ಬರೆದಿಡುತ್ತಿದ್ದೆ. ಕುಚ್ಚಲಕ್ಕಿ ಅನ್ನವನ್ನು ಸೌಟಿನ ಲೆಕ್ಕದಲ್ಲಿ ಬರೆದಿಡುತ್ತಿದ್ದೆ. ಒಗ್ಗರಣೆಯ ಎಣ್ಣೆ ಕೂಡ ಬರೆದಿಡುತ್ತಿದ್ದೆ. ಲಾಡು ಮಾತ್ರ ಬರೆಯುತ್ತಿರಲಿಲ್ಲ. ಅದು ನನ್ನ ತಲೆಯಲ್ಲಿ ತಿಂಡಿಯ ಪಟ್ಟಿಯಲ್ಲಿ ಇರಲೇ ಇಲ್ಲ, ಔಷಧದ ಪಟ್ಟಿಯಲ್ಲಿತ್ತು. ಸಕ್ಕರೆ ಇಲ್ಲ ಅಂದರೆ ಲೆಕ್ಕವೂ ಇಲ್ಲ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

ಅತ್ತಿಗೆ ಕೇಕ್ ಮಾಡುವುದಕ್ಕೆ ಒಂದು ಎಲೆಕ್ಟ್ರಾನಿಕ್ ತಕ್ಕಡಿ ತಂದಿದ್ದರು. ಒಂದು ದಿನ ಅಡುಗೆಮನೆ ಕಟ್ಟೆಯ ಮೇಲೆ ಅದು ಖಾಲಿ ಇದ್ದಾಗ ಲಾಡು ಇಟ್ಟು ನೋಡಿದೆ. 42 ಗ್ರಾಂ. ಬೆರಳಿಗೆ ತುಪ್ಪದ ಜಿಡ್ಡು ಹತ್ತಿತ್ತು, ತಕ್ಕಡಿಯ ಗಾಜಿನ ಮೇಲೂ ಒಂದು ಉಂಗುರದ ಗುರುತು ಉಳಿಯಿತು. ಆ ಜಿಡ್ಡು ನೋಡಿಯೇ ಅಮ್ಮನಿಗೆ ಫೋನ್ ಮಾಡಿ ಅಳತೆ ಕೇಳಿದೆ. ಬೀಜ ತೆಗೆದ ಖರ್ಜೂರ ಅರ್ಧ ಕೆಜಿ, ಗೋಡಂಬಿ ಬಾದಾಮಿ ಸೇರಿ ಕಾಲು ಕೆಜಿ, ಒಣಕೊಬ್ಬರಿ ಒಂದು ಹಿಡಿ, ಹುರಿಯುವುದಕ್ಕೆ ತುಪ್ಪ ಸುಮಾರು 50 ಗ್ರಾಂ. ಇಪ್ಪತ್ತು ಲಾಡು ಆಗುತ್ತದೆ ಅಂದರು.

ನೀವೂ ಕೂಡಿಸಿ ನೋಡಿ. ಖರ್ಜೂರ 100 ಗ್ರಾಂಗೆ ಸುಮಾರು 280 ಕ್ಯಾಲರಿ, ಅರ್ಧ ಕೆಜಿಗೆ 1400. ಗೋಡಂಬಿ, ಬಾದಾಮಿ 100 ಗ್ರಾಂಗೆ 550ರ ಮೇಲೆ, ಕಾಲು ಕೆಜಿಗೆ ಮತ್ತೆ 1400. ತುಪ್ಪದ್ದು ಒಂದು ಗ್ರಾಂಗೆ 9 ಹತ್ತಿರ, ಅಲ್ಲಿ 450. ಕೊಬ್ಬರಿಯೂ ಸೇರಿದರೆ ಒಟ್ಟು 3500 ದಾಟುತ್ತದೆ. ಇಪ್ಪತ್ತರಲ್ಲಿ ಭಾಗಿಸಿದರೆ ಒಂದು ಲಾಡಿಗೆ 175ರಿಂದ 180. ಸಕ್ಕರೆ ಗ್ರಾಂಗೆ 4 ಕ್ಯಾಲರಿ ಅಂದರೆ 42 ಗ್ರಾಂ ಸಕ್ಕರೆಗೆ 168. ಅಂದರೆ ಅಷ್ಟೇ ತೂಕದ ಸಕ್ಕರೆಗಿಂತ ಲಾಡಿನಲ್ಲೇ ಜಾಸ್ತಿ! ದಿನಕ್ಕೆ ಮೂರು ಲಾಡು ಅಂದರೆ 500 ದಾಟಿತು. ನನಗೆ ದಿನಕ್ಕೆ ಕಡಿಮೆ ಮಾಡಲು ಹೇಳಿದ್ದೂ ಸರಿಯಾಗಿ 500.

ಅದಕ್ಕಿಂತ ದೊಡ್ಡ ನಷ್ಟ ಬೇರೆ ಉಂಟು. ತೂಕ ಇಳಿಯದಿದ್ದಾಗ ನಾನು ಲಾಡನ್ನು ಸಂಶಯಪಡಲಿಲ್ಲ, ಅನ್ನವನ್ನು ಸಂಶಯಪಟ್ಟೆ. ಮಧ್ಯಾಹ್ನ ಅನ್ನ ಅರ್ಧ ಮಾಡಿದೆ, ರಾತ್ರಿ ಊಟ ಬಿಟ್ಟೆ, ಮೀನು ಮೊಟ್ಟೆಯನ್ನೂ ಕಮ್ಮಿ ಮಾಡಿದೆ. ಹೊಟ್ಟೆ ಖಾಲಿಯಾದ ಹಾಗೆ ಲಾಡಿನ ಡಬ್ಬಿಯ ಕಡೆಗೇ ಕೈ. ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಲ್ಲಿ ಬಸ್ ಹತ್ತುವಾಗ ತಲೆ ತಿರುಗಿ, ಪಕ್ಕದಲ್ಲಿದ್ದ ಅಕ್ಕ ಒಬ್ಬರು ಹಿಡಿಯದಿದ್ದರೆ ಮೆಟ್ಟಿಲಿಂದ ಬೀಳುತ್ತಿದ್ದೆ. ಊಟ ಬಿಟ್ಟು ಸಿಹಿ ತಿಂದು ಬದುಕುವುದನ್ನು ಡಯಟ್ ಅಂತ ಕರೆದುಕೊಂಡಿದ್ದೆ.

ಖರ್ಜೂರ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬಾಣಂತಿಗೆ, ಬೆಳೆಯುವ ಮಕ್ಕಳಿಗೆ ಅಮ್ಮನ ಲಾಡು ಬಹಳ ಒಳ್ಳೆಯದು. ಬೆಲ್ಲವೂ ಹಾಗೇ, ರುಚಿ ಉಂಟು, ಆದರೆ 100 ಗ್ರಾಂಗೆ 350ರಿಂದ 380 ಕ್ಯಾಲರಿ, ಸಕ್ಕರೆಯಿಂದ ಹೆಚ್ಚು ದೂರ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ಸೇರಿಸಿದ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇ. 10ರೊಳಗಿರಲಿ, ಶೇ. 5ರೊಳಗಾದರೆ ಇನ್ನೂ ಒಳ್ಳೆಯದು ಅಂತ. ಜೇನು, ಹಣ್ಣಿನ ಜ್ಯೂಸ್ ಸಹ ಆ ಲೆಕ್ಕದಲ್ಲೇ ಬರುತ್ತದೆ. ನಿಮ್ಮ 1400ಕ್ಕೆ ಹಾಕಿದರೆ ಮೇಲಿನ ಮಿತಿ 35 ಗ್ರಾಂ.

ಹಾಗಾಗಿ "ಆರೋಗ್ಯಕರ ಸಿಹಿ" ಹುಡುಕುವ ಕೆಲಸವನ್ನೇ ಬಿಟ್ಟುಬಿಡಿ ಅನ್ನುತ್ತೇನೆ. ಪ್ಯಾಕೆಟ್ ಮೇಲೆ ಏನು ಬರೆದರೂ ಸರಿ, ನೀವು ನೋಡಬೇಕಾದದ್ದು ಒಂದೇ: ಅದರಲ್ಲಿ ನೀರು ಎಷ್ಟುಂಟು? ಒಣಗಿಸಿ, ಹುರಿದು, ಅಂಟಿಸಿ ಕಟ್ಟಿದ ಸಿಹಿ ಬಾಯಿಗೆ ಸಣ್ಣದು, ಲೆಕ್ಕಕ್ಕೆ ದೊಡ್ಡದು. ನೀರು ಹಿಡಿದುಕೊಳ್ಳುವ ಸಿಹಿ ಹೊಟ್ಟೆಯನ್ನೂ ತುಂಬಿಸುತ್ತದೆ. ನಮ್ಮ ಊರಲ್ಲಿ ಅಂಥದ್ದಕ್ಕೆ ಬರ ಇಲ್ಲ. ಬಚ್ಚಂಗಾಯಿ (ಕಲ್ಲಂಗಡಿ) 100 ಗ್ರಾಂಗೆ 30 ಕ್ಯಾಲರಿ, ಪಪ್ಪಾಯಿ 40ರ ಆಸುಪಾಸು. ಬೇಸಿಗೆಯಲ್ಲಿ ಇಬ್ಬುಡ್ಲ (ಕರಬೂಜ) ಹಣ್ಣಿನ ರಸಾಯನ ಮಾಡಿ, ಕಾಯಿಯ ದಪ್ಪ ಹಾಲು ಬೇಡ, ಎರಡನೇ ಹಾಲು ಹಾಕಿ, ಬೆಲ್ಲ ಎರಡು ಚಮಚಕ್ಕೆ ನಿಲ್ಲಿಸಿ. ಬೊಂಡದ ನೀರೂ (ಎಳನೀರು) ಆದೀತು.

ನನ್ನನ್ನು ಬದುಕಿಸಿದ್ದು ರಾಗಿ ಮಣ್ಣಿ. 50 ಗ್ರಾಂ ರಾಗಿ ನೆನೆಹಾಕಿ, ನುಣ್ಣಗೆ ಕಡೆದು, ಬಟ್ಟೆಯಲ್ಲಿ ಹಾಲು ಸೋಸಿಕೊಳ್ಳಿ. ನೀರು ಸೇರಿ ಒಟ್ಟು ಎರಡು ಲೋಟ ಇರಲಿ. 60 ಗ್ರಾಂ ಬೆಲ್ಲ, ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಕೈ ಬಿಡದೆ ಮಗುಚಬೇಕು, ಇಲ್ಲದಿದ್ದರೆ ತಳದಲ್ಲಿ ಗಂಟು ಕಟ್ಟುತ್ತದೆ. ಬಣ್ಣ ಕಪ್ಪಾಗಿ, ಹೊಳಪು ಬಂದು, ಬಾಣಲೆ ಬಿಡಲು ಶುರು ಮಾಡಿದಾಗ ಒಂದು ಚಿಕ್ಕ ಚಮಚ ತುಪ್ಪ, ಏಲಕ್ಕಿ. ಬಟ್ಟಲಿಗೆ ಹೊಯ್ದು ತಣಿದ ಮೇಲೆ ಎಂಟು ತುಂಡು ಮಾಡಿ. ಒಂದು ತುಂಡಿಗೆ 50ರಿಂದ 60 ಕ್ಯಾಲರಿ. ಲಾಡು ಒಂದರ ಜಾಗಕ್ಕೆ ಮೂರು ತುಂಡು ಬರುತ್ತದೆ, ಎರಡು ತಿನ್ನುವಷ್ಟರಲ್ಲಿ ಸಾಕಾಗುತ್ತದೆ.

ಇನ್ನೊಂದು, ನಿಜವಾದ ಸಿಹಿ ಬೇಕಾದ ದಿನ ನಿಜವಾದದ್ದನ್ನೇ ತಿನ್ನಿ. ಗಡ್‌ಬಡ್ ಐಸ್‌ಕ್ರೀಂ ಬೇಕು ಅನಿಸಿದಾಗ ಮನೆಯಲ್ಲಿ ಬಾಳೆಹಣ್ಣು ಫ್ರೀಜ್ ಮಾಡಿ ಕಡೆದು ಮನಸ್ಸನ್ನು ಒಪ್ಪಿಸಲು ಹೋಗಬೇಡಿ. ನನಗೆ ಪ್ರತಿ ಸಲ ಅದನ್ನೂ ತಿಂದು ಆಮೇಲೆ ಇದನ್ನೂ ತಿಂದು ಮುಗಿಯುತ್ತಿತ್ತು. ಐಡಿಯಲ್ ಐಸ್‌ಕ್ರೀಂನವರು 1975ರಿಂದ ಮಂಗಳೂರಲ್ಲಿ ಉಂಟು, ಎಲ್ಲಿಗೂ ಓಡಿಹೋಗುವುದಿಲ್ಲ. ತಿಂಗಳಿಗೊಮ್ಮೆ ಹೋಗಿ, ಒಂದು ಗ್ಲಾಸ್ ಇಬ್ಬರು ಹಂಚಿಕೊಳ್ಳಿ, ಮನೆಗೆ ಬಂದು ಬರೆದಿಡಿ. ನಾಗರ ಪಂಚಮಿಗೆ ಅರಶಿನ ಎಲೆಯ ಗಟ್ಟಿ (ಸಿಹಿ ಕಡುಬು) ಮಾಡಿದರೆ ಒಂದು ತಿನ್ನಿ. ಹಬೆಯಲ್ಲಿ ಬೇಯುವುದು, ಎಣ್ಣೆ ಇಲ್ಲ, ಆದರೆ ಕಾಯಿ ಬೆಲ್ಲ ಸೇರಿ 200 ಹತ್ತಿರ ಹೋಗುತ್ತದೆ. ಅಷ್ಟಮಿಗೆ ಉಡುಪಿ ಕೃಷ್ಣ ಮಠದ ಉಂಡೆ ಸಿಕ್ಕಿದರೆ ಬೇಡ ಅನ್ನಬೇಡಿ. ವರ್ಷಕ್ಕೊಂದು ಉಂಡೆಯಿಂದ ಯಾರ ತೂಕವೂ ಏರಿಲ್ಲ, ಏರುವುದು ದಿನಾ ತಿಂದು ಬರೆಯದೆ ಬಿಟ್ಟದ್ದರಿಂದ.

ಶುಗರ್‌ಲೆಸ್ ಅಂತ ಸಿಗುವ, ಸಕ್ಕರೆ ಬದಲು ಹಾಕುವ ಮಾತ್ರೆ, ಪುಡಿಗಳ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ತೂಕ ಇಳಿಸುವುದಕ್ಕೆ ಅಂತ ಅವನ್ನು ಬಳಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಹೇಳಿದೆ. ಮೊದಲೇ ಡಯಾಬಿಟಿಸ್ ಇದ್ದವರಿಗೆ ಆ ಮಾತು ಅನ್ವಯಿಸುವುದಿಲ್ಲ. ನಿಮಗೆ ಅದು ಇದ್ದರೆ ನಾನು ಹೇಳಿದ ಬೆಲ್ಲ, ರಸಾಯನ ಯಾವುದನ್ನೂ ಮಾಡಬೇಡಿ, ನಿಮ್ಮ ಡಾಕ್ಟ್ರನ್ನೇ ಕೇಳಿ.

ನೀವು ಸಹ ರಾತ್ರಿ ಊಟ ಬಿಟ್ಟಿದ್ದರೆ ಇವತ್ತೇ ಪುನಃ ಶುರು ಮಾಡಿ. ಅನ್ನ ಒಂದು ಸೌಟು, ಹೆಸರುಕಾಳಿನ ಗಸಿಯೋ ಮೀನು ಸಾರೋ ಏನಾದರೊಂದು, ಪಲ್ಯ ಜಾಸ್ತಿ. ಸಿಹಿ ತಿನ್ನುವುದಾದರೆ ಅದರ ನಂತರ.