ಮನೆಯಲ್ಲೇ ಆರೋಗ್ಯ ಅಳೆದುಕೊಳ್ಳಬಹುದೇ? ದಾರದಿಂದ ಶುರುಮಾಡಿ, ಉಪ್ಪಿನ ಪ್ಯಾಕೆಟ್ಟಿನವರೆಗೆ

ಪ್ರಶ್ನೆ: ನನಗೆ 42 ವರ್ಷ. ಎತ್ತರ 168 ಸೆಂ.ಮೀ., ತೂಕ 70 ಕೆಜಿ. ಕೂತು ಮಾಡುವ ಕೆಲಸ. ಮನೆಯಲ್ಲಿ ನಾವಿಬ್ಬರು ಮತ್ತು ಅಪ್ಪ ಅಮ್ಮ. ಹೊರಗಡೆ ತಿನ್ನೋದು ಕಡಿಮೆ. ಫುಲ್ ಬಾಡಿ ಚೆಕಪ್ ಪ್ಯಾಕೇಜಿಗೆ ದುಡ್ಡು ಕೊಡುವ ಮೊದಲು ಮನೆಯಲ್ಲೇ ಆರೋಗ್ಯ ಹೇಗಿದೆ ಅಂತ ನೋಡಿಕೊಳ್ಳೋಕೆ ಆಗುತ್ತಾ? ಊಟ ಸರಿಯಿದೆಯಾ ಅಂತ ಹೇಗೆ ಗೊತ್ತಾಗುತ್ತೆ?

ಉತ್ತರ:

ಬಹಳ ಮಟ್ಟಿಗೆ ಆಗುತ್ತೆ. ತೂಕದ ಮೆಷಿನ್ ಆಮೇಲೆ ನೋಡೋಣ, ಮೊದಲು ಒಂದು ಹುರಿ ತಗೊಳ್ಳಿ. ಎಳೆದರೆ ಹಿಗ್ಗುವಂಥದ್ದು ಬೇಡ, ಗೋಣಿ ದಾರದಂಥದ್ದು ಸಾಕು. ಗೋಡೆಗೆ ಬೆನ್ನು ಕೊಟ್ಟು ನಿಂತು, ನಿಮ್ಮ ಎತ್ತರದಷ್ಟೇ ಉದ್ದಕ್ಕೆ ಕತ್ತರಿಸಿ. ಸರಿಯಾಗಿ ಎರಡು ಮಡಿಕೆ ಮಾಡಿ. ಆ ಮಡಿಕೆಯನ್ನು ಹೊಟ್ಟೆಯ ಸುತ್ತ ಹಾಕಿ ನೋಡಿ. ತುದಿಗಳು ಸಲೀಸಾಗಿ ಸೇರಿದರೆ ಹೊಟ್ಟೆಯ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇದೆ ಎಂದರ್ಥ. ನಿಮ್ಮ ವಿಷಯದಲ್ಲಿ ಆ ಗೆರೆ 84 ಸೆಂ.ಮೀ. ಸೇರದಿದ್ದರೆ, ಎಷ್ಟು ಬೆರಳು ಸಂದು ಉಳಿಯಿತು ಅನ್ನುವುದೇ ನಿಮ್ಮ ಮೊದಲ ಅಳತೆ. ಟೇಪಿನಲ್ಲಿ ಹೇಳುವುದಾದರೆ ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು ಅಂತ ಲೆಕ್ಕ.

ಎಲ್ಲಿ ಅಳೆಯಬೇಕು ಅನ್ನುವುದರಲ್ಲೇ ಹೆಚ್ಚಿನವರು ಎಡವುವುದು. ಪ್ಯಾಂಟಿನ ಸೈಜು 34 ಅಂದರೆ ಹೊಟ್ಟೆಯೂ 34 ಇಂಚು ಅಲ್ಲ. ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. ಹತ್ತು ವರ್ಷದಿಂದ ಅದೇ ಸೈಜು ಅಂತ ಹೆಮ್ಮೆಪಡುವ ಎಷ್ಟೋ ಜನರ ಗುಟ್ಟು ಇಷ್ಟೇ. ಪಕ್ಕದಲ್ಲಿ ಕೊನೆಯ ಪಕ್ಕೆಲುಬು ಮುಗಿಯುವ ಜಾಗ, ಸೊಂಟದ ಮೂಳೆಯ ಮೇಲಂಚು, ಎರಡನ್ನೂ ಬೆರಳಿನಿಂದ ಒತ್ತಿ ಹುಡುಕಿ, ಅವುಗಳ ನಡುಮಧ್ಯಕ್ಕೆ ಟೇಪು ಹಿಡಿಯಿರಿ. ಬಟ್ಟೆ ಸರಿಸಿ, ಹೊಟ್ಟೆ ಒಳಗೆಳೆದುಕೊಳ್ಳದೆ, ಉಸಿರನ್ನು ಮಾಮೂಲಿಯಾಗಿ ಬಿಟ್ಟ ಕೊನೆಯಲ್ಲಿ ಓದಿ. ಟೇಪು ಚರ್ಮಕ್ಕೆ ತಾಗಬೇಕು, ಕಚ್ಚಬಾರದು. ಹಿಂದುಗಡೆ ಅದು ಇಳಿಬಿದ್ದಿದೆಯಾ ಅಂತ ಇನ್ನೊಬ್ಬರು ನೋಡಿದರೆ ಒಳ್ಳೆಯದು.

ಇನ್ನು ತೂಕ. 70 ಅನ್ನು 1.68 × 1.68ರಿಂದ ಭಾಗಿಸಿದರೆ ನಿಮ್ಮ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 24.8. ಜಾಗತಿಕ ಪಟ್ಟಿಯಲ್ಲಿ 25ರವರೆಗೆ ಸರಿ, ಹಾಗಾಗಿ ಆ್ಯಪುಗಳು ಹಸಿರು ಬಣ್ಣ ತೋರಿಸುತ್ತವೆ. ಭಾರತೀಯರಿಗೆ ಹಾಕಿರುವ ಗೆರೆ ಬೇರೆ: 18.5ರಿಂದ 22.9 ಸರಿ, 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಅಷ್ಟೇ ಬಿಎಂಐ ಇರುವ ಯುರೋಪಿನವರಿಗೆ ಹೋಲಿಸಿದರೆ ನಮ್ಮಲ್ಲಿ ಸ್ನಾಯು ಕಡಿಮೆ, ಹೊಟ್ಟೆಯೊಳಗಿನ ಕೊಬ್ಬು ಹೆಚ್ಚು. ಸಕ್ಕರೆ ಕಾಯಿಲೆಯೂ ನಮಗೆ ಕಡಿಮೆ ತೂಕದಲ್ಲೇ ಬರುತ್ತದೆ. ಹಾಗಾಗಿ ನಿಮ್ಮ 24.8 ಹಸಿರಲ್ಲ. ಹುರಿಯ ತುದಿಗಳೂ ಸೇರದಿದ್ದರೆ ಕೆಲಸ ಶುರುಮಾಡಬೇಕು ಅಂತಲೇ ಲೆಕ್ಕ.

ತೂಕದ ಮೆಷಿನನ್ನು ಚಾಪೆ, ಕಾರ್ಪೆಟ್ಟಿನ ಮೇಲೆ ಇಡಬೇಡಿ, ಗಟ್ಟಿ ನೆಲ ಬೇಕು. ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೂ ಮುಂಚೆ ನಿಂತು ನೋಡಿ. ಒಂದು ದಿನದಿಂದ ಇನ್ನೊಂದು ದಿನಕ್ಕೆ ಒಂದು ಕೆಜಿ ಏರಿಳಿಯುವುದು ಸಹಜ. ಮದುವೆ ಊಟ ಉಂಡ ಮರುದಿನ ಏರುವ ತೂಕ ಹೆಚ್ಚಾಗಿ ಉಪ್ಪು ಹಿಡಿದಿಟ್ಟ ನೀರು. ವಾರಕ್ಕೆ ಮೂರು ದಿನ ಬರೆದು ಸರಾಸರಿ ತೆಗೆಯಿರಿ. ಮೆಷಿನ್ ಕೊಬ್ಬಿನ ಶೇಕಡಾವಾರು ಅಂತ ಇನ್ನೊಂದು ಅಂಕಿ ತೋರಿಸಿದರೆ ಅದನ್ನು ನೆಚ್ಚಿಕೊಳ್ಳಬೇಡಿ. ಪಾದದ ಮೂಲಕ ಸಣ್ಣ ಕರೆಂಟು ಹಾಯಿಸಿ ಅಂದಾಜು ಮಾಡುವುದದು. ಒಂದು ಚೊಂಬು ನೀರು ಕುಡಿದರೂ ಬದಲಾಗಬಹುದು. ಇಳಿಯುವ ತೂಕದ ಮೇಲೂ ಕಣ್ಣಿರಲಿ: ಏನೂ ಪ್ರಯತ್ನ ಮಾಡದೆ ಆರು ತಿಂಗಳಲ್ಲಿ ಮೂರೂವರೆ ಕೆಜಿ ಹೋದರೆ ಖುಷಿಪಡದೆ ಡಾಕ್ಟರ ಹತ್ತಿರ ಹೋಗಿ.

ಬಿಪಿ ಮೆಷಿನಿಗೆ ದುಡ್ಡು ಹಾಕುವುದು ವ್ಯರ್ಥವಲ್ಲ, ಅದರಲ್ಲೂ ಅಪ್ಪ ಅಮ್ಮ ಮನೆಯಲ್ಲಿರುವಾಗ. ಮಣಿಕಟ್ಟಿನದ್ದು ಬೇಡ, ತೋಳಿಗೆ ಕಟ್ಟುವಂಥದ್ದು ತಗೊಳ್ಳಿ. ಕೊಳ್ಳುವ ಮೊದಲು ಮೇಲ್ತೋಳಿನ ನಡುಭಾಗದ ಸುತ್ತಳತೆ ತೆಗೆಯಿರಿ. ಸಾಮಾನ್ಯವಾಗಿ ಜೊತೆಗೆ ಬರುವ ಪಟ್ಟಿಯ ಮೇಲೆ 22–32 ಸೆಂ.ಮೀ. ಅಂತಲೋ ಮತ್ತೊಂದೋ ಅಚ್ಚಾಗಿರುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣಿಸುತ್ತದೆ.

ನೋಡುವ ಕ್ರಮ ಹೀಗೆ. ಅರ್ಧ ಗಂಟೆ ಮುಂಚಿನಿಂದ ಕಾಫಿ, ಟೀ, ಸಿಗರೇಟು, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಕಾಲ ಮೇಲೆ ಕಾಲು ಹಾಕದೆ, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಿ. ಅಂಗಿಯ ತೋಳನ್ನು ಮೇಲಕ್ಕೆ ಸುತ್ತಿದರೆ ಅದೇ ಒಂದು ಕಟ್ಟಾಗುತ್ತದೆ, ಹಾಗಾಗಿ ತೋಳನ್ನು ಅಂಗಿಯಿಂದ ಹೊರಗೆ ತೆಗೆಯಿರಿ. ಪಟ್ಟಿಯ ಕೆಳಗಿನ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರಲಿ. ಕೈಯನ್ನು ಮೇಜಿನ ಮೇಲೆ, ಪಟ್ಟಿ ಎದೆಯ ಮಟ್ಟಕ್ಕೆ ಬರುವಂತೆ ಇಡಿ. ಮೇಜು ತಗ್ಗಾಗಿದ್ದರೆ ಕೈಯಡಿಗೆ ದಿಂಬು ಕೊಡಿ. ಎದೆಯ ಮಟ್ಟದಿಂದ ಪಟ್ಟಿ ಕೆಳಗಿಳಿದ ಪ್ರತಿ ಸೆಂಟಿಮೀಟರಿಗೂ ಸುಮಾರು ಮುಕ್ಕಾಲು ಪಾಯಿಂಟು ಹೆಚ್ಚು ತೋರಿಸುತ್ತದೆ. 12 ಸೆಂ.ಮೀ. ಇಳಿದರೆ 9 ಪಾಯಿಂಟು, ಅಂದರೆ 128 ಇದ್ದದ್ದು 137 ಆಯಿತು! ಮಾತಾಡುತ್ತಾ ನೋಡಿದರೂ ಏರುತ್ತದೆ. ಅಮ್ಮನ ಬಿಪಿ ನೋಡುವಾಗ “ಎಷ್ಟು ಬಂತೋ?” ಅಂತ ನಡುವೆ ಕೇಳಿದರೆ ಆ ರೀಡಿಂಗ್ ಬಿಟ್ಟು ಇನ್ನೊಮ್ಮೆ ನೋಡಿ.

ಏಳು ದಿನ, ಬೆಳಿಗ್ಗೆ ಎರಡು ಸಲ, ರಾತ್ರಿ ಎರಡು ಸಲ, ಎರಡರ ನಡುವೆ ಒಂದು ನಿಮಿಷ ಬಿಟ್ಟು. ಬಿಪಿ ಮಾತ್ರೆ ತಗೊಳ್ಳುವವರು ಬೆಳಗಿನದ್ದನ್ನು ಮಾತ್ರೆಗೆ ಮುಂಚೆ ನೋಡಬೇಕು. ಮೊದಲ ದಿನದ ಅಂಕಿ ಬಿಟ್ಟು ಉಳಿದ 24ರ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಮುಟ್ಟಿದರೆ ಆ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ. ಕ್ಲಿನಿಕ್ಕಿನ ಗೆರೆ 140/90, ಮನೆಯದ್ದು ಸ್ವಲ್ಪ ಕಡಿಮೆ. ಮೊದಲ ದಿನ ಎರಡೂ ತೋಳು ನೋಡಿ, ಹೆಚ್ಚು ಬಂದ ತೋಳನ್ನೇ ಮುಂದೆಯೂ ಬಳಸಿ. 180/120 ದಾಟಿದರೆ ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಆಗಲೂ ಅಷ್ಟೇ ಇದ್ದರೆ ಅವತ್ತೇ ಡಾಕ್ಟರಿಗೆ ತಿಳಿಸಿ. ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಒಂದು ಬದಿ ಬಲ ಕಳೆದುಕೊಳ್ಳುವುದು ಇದ್ದರೆ ಎರಡನೇ ರೀಡಿಂಗಿಗೆ ಕಾಯದೆ ಆಸ್ಪತ್ರೆಗೆ ಹೊರಡಿ.

ನಾಡಿ ನೋಡುವುದು ಸುಲಭ. ಹೆಬ್ಬೆರಳಿನ ಬುಡದ ಕಡೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ಎಣಿಸಿ. ಸುಮ್ಮನೆ ಕೂತಾಗ 60ರಿಂದ 100 ಸರಿ. ಅಂಕಿಗಿಂತ ತಾಳ ಮುಖ್ಯ: ಲಯ ತಪ್ಪಿ ತಪ್ಪಿ ಬರುತ್ತಿದ್ದರೆ ಒಂದು ಇಸಿಜಿ ಮಾಡಿಸಿ. ಅಪ್ಪ ಅಮ್ಮನಿಗೆ ಇನ್ನೊಂದು ಪರೀಕ್ಷೆ: ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲಿ, ನೀವು ಪಕ್ಕದಲ್ಲೇ ನಿಂತಿರಿ. 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕುಗ್ಗಿದೆ ಅಂತ ಅನುಮಾನಿಸಬಹುದು. ಇದಕ್ಕೂ, ಮುಂದೆ ಬರುವ ಬೇಳೆ ಲೆಕ್ಕಕ್ಕೂ ನಂಟಿದೆ.

ಗ್ಲುಕೋಮೀಟರ್ ಇದ್ದರೆ ಎರಡು ರೀಡಿಂಗ್ ಸಾಕು: ಎಂಟು ಗಂಟೆ ಏನೂ ತಿನ್ನದೆ ಬೆಳಿಗ್ಗೆ ಒಂದು, ಮಾಮೂಲಿ ಊಟದ ಮೊದಲ ತುತ್ತಿನಿಂದ ಎರಡು ಗಂಟೆಗೆ ಒಂದು. ಖಾಲಿ ಹೊಟ್ಟೆಯಲ್ಲಿ 100ರ ಒಳಗೆ, ಊಟದ ನಂತರ 140ರ ಒಳಗೆ ಇದ್ದರೆ ಸರಿ. ಖಾಲಿ ಹೊಟ್ಟೆಯ 100–125 ಎಚ್ಚರಿಕೆಯ ವಲಯ, 126 ಮೇಲೆ ಬಂದರೆ ಲ್ಯಾಬಿನಲ್ಲಿ ಖಚಿತಪಡಿಸಿಕೊಳ್ಳಬೇಕು. ಮನೆಯ ಮೀಟರಿಗೆ ಶೇ. 15ರಷ್ಟು ಆಚೀಚೆ ಆಗಲು ಮಾನದಂಡದಲ್ಲೇ ಅವಕಾಶವಿದೆ, ಹಾಗಾಗಿ 104 ಮತ್ತು 112ರ ನಡುವೆ ವ್ಯತ್ಯಾಸ ಹುಡುಕಬೇಡಿ. ಬಾಳೆಹಣ್ಣು ಸುಲಿದ ಕೈಯಲ್ಲೇ ಚುಚ್ಚಿಕೊಂಡು 200 ಕಂಡು ಗಾಬರಿಯಾಗುವವರಿದ್ದಾರೆ. ಕೈ ಸೋಪಿನಲ್ಲಿ ತೊಳೆದು, ಪೂರ್ತಿ ಒರೆಸಿ, ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ. ಸ್ಟ್ರಿಪ್ಪಿನ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವ ಹಿಡಿದು ಅಂಕಿ ತಪ್ಪುತ್ತದೆ.

ಈಗ ಊಟ. “ಮನೆ ಊಟವೇ” ಅನ್ನುವುದು ಅಳತೆ ಅಲ್ಲ. ದಿನಾ ಏನು ತಿಂದೆ ಅಂತ ಬರೆಯಲು ಹೋದರೆ ಮೂರನೇ ದಿನಕ್ಕೆ ಬೇಜಾರಾಗುತ್ತದೆ, ಬರೆದದ್ದರಲ್ಲೂ ಚೌಚೌ ಮರೆತಿರುತ್ತದೆ. ನನ್ನ ಪ್ರಕಾರ ಇದಕ್ಕಿಂತ ನಂಬಬಹುದಾದದ್ದು ಅಡುಗೆಮನೆಯ ಪ್ಯಾಕೆಟ್ಟು. ಹೊಸ ಪ್ಯಾಕೆಟ್ಟು ಒಡೆದ ದಿನ ಮಾರ್ಕರಿನಲ್ಲಿ ಅದರ ಮೇಲೆ ತಾರೀಖು ಬರೆಯಿರಿ. ಡಬ್ಬಿಗೆ ಸುರಿಯುವ ರೂಢಿಯಿದ್ದರೆ ಡಬ್ಬಿಗೊಂದು ಚೀಟಿ ಅಂಟಿಸಿ. ಎಷ್ಟು ದಿನಕ್ಕೆ ಖಾಲಿಯಾಯಿತು ಅನ್ನುವುದೇ ಉತ್ತರ.

ಉಪ್ಪು: ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ ಒಬ್ಬರಿಗೆ 5 ಗ್ರಾಂ. ನಿಮ್ಮ ಮನೆಯ ನಾಲ್ವರಿಗೆ 20 ಗ್ರಾಂ, ಅಂದರೆ ಒಂದು ಕೆಜಿ ಪ್ಯಾಕೆಟ್ಟು 50 ದಿನ ಬರಬೇಕು. ತಿಂಗಳಿಗೇ ಮುಗಿಯುತ್ತಿದ್ದರೆ ತಲೆಗೆ 8 ಗ್ರಾಂ ದಾಟಿದೆ. ಅದರ ಮೇಲೆ ಅಂಗಡಿಯ ಉಪ್ಪಿನಕಾಯಿ, ಹಪ್ಪಳ, ಬ್ರೆಡ್ಡು, ಚಿಪ್ಸಿನ ಉಪ್ಪು ಬೇರೆ. ಕಲ್ಲುಪ್ಪು, ಸೈಂಧವ ಲವಣ ಅಂದರೂ ಸೋಡಿಯಂ ಹೆಚ್ಚುಕಡಿಮೆ ಅಷ್ಟೇ.

ಎಣ್ಣೆ: ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2,000 ಕ್ಯಾಲರಿ ತಟ್ಟೆಯಲ್ಲಿ (ಒಬ್ಬರಿಗೆ ಒಂದು ದಿನಕ್ಕೆ ಅದು ಹೇಳುವ ಊಟದ ಪಟ್ಟಿ) ಎಣ್ಣೆ-ತುಪ್ಪ ಸೇರಿ ದಿನಕ್ಕೆ 27 ಗ್ರಾಂ. ನಾಲ್ವರಿಗೆ ಒಂದು ಲೀಟರು ಸುಮಾರು ಎಂಟು ದಿನ, ಅದಕ್ಕಿಂತ ಬೇಗ ಮುಗಿಯಬಾರದು. ದಿನಾ ಚಟ್ನಿ-ಪಲ್ಯಕ್ಕೆ ಕಾಯಿತುರಿ ಬೀಳುವ ಮನೆಯಾದರೆ ಇನ್ನೂ ಹೆಚ್ಚು ದಿನ ಬರಬೇಕು, ಏಕೆಂದರೆ ಹಸಿ ಕಾಯಿಯ ತೂಕದಲ್ಲಿ ಮೂರನೇ ಒಂದು ಪಾಲಾದರೂ ಕೊಬ್ಬೇ. ಸಕ್ಕರೆ-ಬೆಲ್ಲ ಸೇರಿ ತಲೆಗೆ 25 ಗ್ರಾಂ ಒಳಗಿದ್ದರೆ ಚೆನ್ನ, ಅಂದರೆ ನಾಲ್ವರಿಗೆ ಕೆಜಿಗೆ ಹತ್ತು ದಿನ. ಮೂರು ಕಾಫಿಗೆ ಎರಡೆರಡು ಚಮಚ ಹಾಕಿದರೆ ನಿಮ್ಮ ಪಾಲು ಕಾಫಿಯಲ್ಲೇ ಮುಗಿಯಿತು. ಬೆಲ್ಲ ಅಂತ ರಿಯಾಯಿತಿ ಇಲ್ಲ.

ಇವು ಮೂರೂ ಬಾಳಿಕೆ ಬರಬೇಕು. ಬೇಗ ಖಾಲಿಯಾಗಬೇಕಾದದ್ದು ಬೇಳೆ-ಕಾಳು. ಅದೇ ತಟ್ಟೆಯಲ್ಲಿ ದಿನಕ್ಕೆ ಧಾನ್ಯ 250 ಗ್ರಾಂ, ಬೇಳೆ-ಕಾಳು 85 ಗ್ರಾಂ. ಅಂದರೆ ಹತ್ತಿರ ಹತ್ತಿರ ಮೂರಕ್ಕೆ ಒಂದು, ಇಡ್ಲಿ ಹಿಟ್ಟಿಗೆ ಅಕ್ಕಿ-ಉದ್ದು ಹಾಕುವ ಪ್ರಮಾಣವೇ. ನಾಲ್ವರಿಗೆ ಒಂದು ಕೆಜಿ ಬೇಳೆ-ಕಾಳು ಮೂರು ದಿನಕ್ಕೆ ಮುಗಿಯಬೇಕು! ಮೊಟ್ಟೆ, ಮೀನು, ಮಾಂಸ ತಿನ್ನುವ ಮನೆಯಲ್ಲಿ ಅಷ್ಟು ಬೇಡ. ಆದರೆ ಸಸ್ಯಾಹಾರಿ ಮನೆಯಲ್ಲಿ “ದಿನಾ ಸಾರು ಮಾಡ್ತೀವಲ್ಲ” ಅಂದರೆ ಲೆಕ್ಕ ಕೂಡಲ್ಲ. ನೂರು ಗ್ರಾಂ ತೊಗರಿಬೇಳೆಯ ಸಾರನ್ನು ನಾಲ್ವರು ಉಂಡರೆ ಒಬ್ಬರಿಗೆ ಸಿಗುವ ಪ್ರೋಟೀನು ಐದೂವರೆ ಗ್ರಾಂ ಅಷ್ಟೇ.

ಬೇಕಾದದ್ದು ಎಷ್ಟು? ಕೆಜಿ ತೂಕಕ್ಕೆ 0.83 ಗ್ರಾಂ, ನಿಮಗೆ 58. ಅಕ್ಕಿ-ಗೋಧಿ-ರಾಗಿ 300 ಗ್ರಾಮಿನಿಂದ ಸುಮಾರು 25, ಆ ಸಾರಿನಿಂದ 5, ಹಾಲು-ಮೊಸರು 300 ಮಿ.ಲೀ. ಇಂದ 10. ಒಟ್ಟು 40. ಉಳಿದ 18ಕ್ಕೆ ಅನ್ನ ಹೆಚ್ಚಿಸಿದರೆ ಹೊಟ್ಟೆಯ ಹುರಿ ಸೇರುವುದಿಲ್ಲ. ಒಣಗಿದಾಗ 50 ಗ್ರಾಂ ಇದ್ದ ಹೆಸರುಕಾಳು ಅಥವಾ ಕಡಲೆಕಾಳಿನ ಉಸಲಿಯಲ್ಲಿ 10–12, ಒಂದು ಹಿಡಿ ಶೇಂಗಾದಲ್ಲಿ 7. ಅಲ್ಲಿಗೆ ಸರಿಹೋಯಿತು. ಅನ್ನವನ್ನು ಒಂದು ಸೌಟು ಇಳಿಸಿ ಉಸಲಿ ಸೇರಿಸಿ, ಎರಡೂ ಮೇಲಕ್ಕೆ ಹೋಗಬಾರದು. ಅಪ್ಪ ಅಮ್ಮನಿಗೆ ಕಾಳು ಜೀರ್ಣವಾಗದಿದ್ದರೆ ಮೊಳಕೆ ಕಟ್ಟಿ ಬೇಯಿಸಿ, ಇಲ್ಲವೇ ಹೆಸರುಬೇಳೆಯನ್ನು ಗಟ್ಟಿಯಾಗಿ ಮಾಡಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನು ಹೆಚ್ಚಿಸಬಾರದು.

ತರಕಾರಿ ತಲೆಗೆ 400 ಗ್ರಾಂ, ನಾಲ್ವರಿಗೆ ದಿನಕ್ಕೆ 1.6 ಕೆಜಿ. ಆಲೂಗಡ್ಡೆ ಈ ಲೆಕ್ಕಕ್ಕಿಲ್ಲ. ಸಾಂಬಾರಿನಲ್ಲಿ ತೇಲುವ ನಾಲ್ಕು ನುಗ್ಗೆಕಾಯಿ ತುಂಡು ಇಲ್ಲಿಗೆ ಮುಟ್ಟುವುದಿಲ್ಲ.

ಪ್ಯಾಕೇಜಿನ ವಿಷಯ: ಮನೆಯಲ್ಲಿ ಆಗದ್ದು, ಇಲ್ಲವೇ ಲ್ಯಾಬಿನಲ್ಲಿ ಖಚಿತಪಡಿಸಿಕೊಳ್ಳಬೇಕಾದದ್ದು ಕೆಲವೇ. ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ), ಲಿಪಿಡ್ ಪ್ರೊಫೈಲ್ (ರಕ್ತದಲ್ಲಿನ ಕೊಬ್ಬು), ಕ್ರಿಯಾಟಿನಿನ್ (ಮೂತ್ರಪಿಂಡದ್ದು), ಸಿಬಿಸಿ (ರಕ್ತಕಣಗಳ ಎಣಿಕೆ, ಹಿಮೋಗ್ಲೋಬಿನ್ ಇದರಲ್ಲೇ ಬರುತ್ತದೆ). 70 ಪರೀಕ್ಷೆಯ ಪಟ್ಟಿಯಲ್ಲಿ ಲಕ್ಷಣವಿಲ್ಲದ ನಿಮಗೆ ಸದ್ಯಕ್ಕೆ ಇಷ್ಟೇ ಉಪಯೋಗಕ್ಕೆ ಬರುವುದು. ವರದಿ ಬಂದ ಮೇಲೆ ಐದನ್ನು ಒಟ್ಟಿಗೆ ಇಟ್ಟು ನೋಡಿ: ಹೊಟ್ಟೆ 90 ಸೆಂ.ಮೀ. (ಹೆಂಗಸರಿಗೆ 80) ಮೇಲೆ, ಬಿಪಿ 130/85 ಮೇಲೆ, ಖಾಲಿ ಹೊಟ್ಟೆಯ ಸಕ್ಕರೆ 100 ಮೇಲೆ, ಟ್ರೈಗ್ಲಿಸರೈಡ್ (ರಕ್ತದ ಒಂದು ಬಗೆಯ ಕೊಬ್ಬು) 150 ಮೇಲೆ, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 40ಕ್ಕಿಂತ (ಹೆಂಗಸರಿಗೆ 50ಕ್ಕಿಂತ) ಕಡಿಮೆ. ಐದರಲ್ಲಿ ಮೂರು ಇದ್ದರೆ ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಅನ್ನುತ್ತಾರೆ. ಒಂದೊಂದೂ “ಸ್ವಲ್ಪ ಜಾಸ್ತಿ ಅಷ್ಟೇ” ಅನಿಸಿದರೂ ಮೂರು ಕೂಡಿದಾಗ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಎರಡರ ಸಾಧ್ಯತೆಯೂ ಏರುತ್ತದೆ.

ನಿಮ್ಮ ಮನೆಯವರ ವರದಿ ಓದುವಾಗ ಮೊದಲು ಹಿಮೋಗ್ಲೋಬಿನ್ ನೋಡಿ, ಆಮೇಲೆ ಎಚ್‌ಬಿಎ1ಸಿ. ಹಿಮೋಗ್ಲೋಬಿನ್ ಹೆಂಗಸರಿಗೆ 12, ಗಂಡಸರಿಗೆ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಕಬ್ಬಿಣದ ಕೊರತೆಯಿಂದ ಬಂದ ರಕ್ತಹೀನತೆಯಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. 6.0 ಕಂಡಿತು ಅಂತ ಅನ್ನ ಬಿಡಿಸುವ ಮೊದಲು ಡಾಕ್ಟರಿಗೆ ತೋರಿಸಿ ಕಬ್ಬಿಣದ ಕೊರತೆ ಸರಿಮಾಡಿಸಿ, ಊಟವಾದ ಒಂದು ಗಂಟೆಯವರೆಗೆ ಕಾಫಿ-ಟೀ ದೂರ ಇಡಿ, ಮೂರು ತಿಂಗಳು ಬಿಟ್ಟು ಮತ್ತೆ ನೋಡಿ.