ಹೊಸ ಬ್ರೇಕ್ ಶೂ ಹಾಕಿದರೂ ಯಮಹಾ ಆರ್‌ಎಕ್ಸ್ 100 ಬೈಕಿನ ಹಿಂದಿನ ಬ್ರೇಕ್ ಹಿಡಿಯುತ್ತಿಲ್ಲ, ಏನು ನೋಡಬೇಕು?

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾದದ್ದು ಇಷ್ಟು. ಹೊಸನಗರದಲ್ಲಿ ಕೊಟ್ಟಿಗೆಯಲ್ಲಿ ನಿಂತಿದ್ದ ಅಪ್ಪನ ಆರ್‌ಎಕ್ಸ್ 100 ಅನ್ನು ನೀವೇ ಬಿಚ್ಚಿ, ಪೇಂಟ್ ಹೊಡೆದು, ಮತ್ತೆ ಜೋಡಿಸಿದ್ದೀರಿ. ಹಿಂದಿನ ಬ್ರೇಕಿಗೆ ಹೊಸ ಶೂ (ಚಕ್ರದ ಡ್ರಮ್ಮಿಗೆ ಒಳಗಿನಿಂದ ಒತ್ತಿ ತಡೆಯುವ ಭಾಗ), ಹೊಸ ಸ್ಪ್ರಿಂಗ್ ಹಾಕಿಯಾಗಿದೆ. ಆದರೂ ಪೆಡಲ್ ಪೂರ್ತಿ ತುಳಿದರೂ ಗಾಡಿ ಸ್ವಲ್ಪ ನಿಧಾನವಾಗುತ್ತದೆ, ಅಷ್ಟೇ. ಹಿಂದಿನ ನಟ್ ಬಿಗಿ ಮಾಡಿ ಮಾಡಿ, ಪೆಡಲಿನಿಂದ ಬರುವ ರಾಡಿನ ಥ್ರೆಡ್ಡೇ ಮುಗಿಯುತ್ತಾ ಬಂದಿದೆ. ಬೇರೆ ಕಂಪನಿ ಶೂ ತರಲಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ತರಬೇಡಿ. ನಾನು ತೀರ್ಥಹಳ್ಳಿಯಲ್ಲಿ ಇಂಥ ಹಳೇ ಗಾಡಿಗಳನ್ನು ಹವ್ಯಾಸಕ್ಕೆ ಬಿಚ್ಚಿ ಕಟ್ಟುವವನು. ಮನೆಯಲ್ಲಿ ಜೋಡಿಸಿದ ಗಾಡಿಯ ಬ್ರೇಕ್ ಸೋತಿದ್ದರೆ ನಾನು ಸಾಮಾನನ್ನು ಬೈಯುವ ಮೊದಲು ಜೋಡಣೆ ನೋಡುತ್ತೇನೆ. ಅದರಲ್ಲೂ ಎರಡು ವಿಷಯ: ಲಿವರ್ (ಚಕ್ರದ ಪಕ್ಕ ರಾಡ್ ಎಳೆಯುವ ತೋಳು) ಯಾವ ಕೋನದಲ್ಲಿ ನಿಂತಿದೆ, ಶೂ ಡ್ರಮ್ಮಿಗೆ ಎಲ್ಲಿ ತಾಗುತ್ತಿದೆ.

ಲಿವರ್ ನೋಡಲು ಏನನ್ನೂ ಬಿಚ್ಚಬೇಕಿಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ, ಯಾರಾದರೂ ಪೆಡಲ್ ಗಟ್ಟಿಯಾಗಿ ಒತ್ತಿ ಹಿಡಿಯಲಿ. ನೀವು ಚಕ್ರದ ಪಕ್ಕ ಕೂತು ನೋಡಿ. ಬ್ರೇಕ್ ಹಿಡಿದ ಆ ಹೊತ್ತಿನಲ್ಲಿ ರಾಡಿಗೂ ಲಿವರಿಗೂ ನಡುವೆ ಸುಮಾರು 90 ಡಿಗ್ರಿ ಇರಬೇಕು. ಲಿವರ್ ಅದನ್ನು ದಾಟಿ ಮುಂದಕ್ಕೆ ವಾಲಿದ್ದರೆ ನೀವು ಎಷ್ಟೇ ತುಳಿದರೂ ಶೂಗಳನ್ನು ಅಗಲಿಸುವ ಕ್ಯಾಮಿಗೆ ಬಲ ಸರಿಯಾಗಿ ಹೋಗುವುದಿಲ್ಲ. ಸ್ಪ್ಯಾನರನ್ನು ಅದರ ಉದ್ದಕ್ಕೇ ಎಳೆದರೆ ನಟ್ ತಿರುಗುತ್ತದಾ? ಹಾಗೇ ಇದು. ನಟ್ ಬಿಗಿ ಮಾಡಿದಷ್ಟೂ ಲಿವರ್ ಇನ್ನೂ ಮುಂದಕ್ಕೆ ಬರುತ್ತದೆ, ಬ್ರೇಕ್ ಇನ್ನೂ ಸೋಲುತ್ತದೆ. ನಿಮ್ಮ ರಾಡಿನ ಥ್ರೆಡ್ ಮುಗಿದಿದೆ ಎಂದರೆ ನನಗೆ ಮೊದಲ ಅನುಮಾನ ಇದರ ಮೇಲೇ.

ಕ್ಯಾಮ್ ಶಾಫ್ಟಿನ ತುದಿಯಲ್ಲಿ ಹಲ್ಲುಗಳಿವೆ. ಲಿವರ್ ಅದರ ಮೇಲೆ ಕೂರುತ್ತದೆ. ಸಾಮಾನ್ಯವಾಗಿ ಎರಡರಲ್ಲೂ ಒಂದೊಂದು ಪಂಚ್ ಗುರುತು ಇರುತ್ತದೆ, ಅವು ಎದುರುಬದುರು ಬರಬೇಕು. ಬೇರೆ ಕಂಪನಿಯ ಲಿವರ್ ಹಾಕಿದ್ದರೆ ಗುರುತನ್ನು ನಂಬಬೇಡಿ, ಕೋನ ನೋಡಿಯೇ ಕೂರಿಸಿ. ಒಂದು ಹಲ್ಲು ಹಿಂದಕ್ಕೆ ಹಾಕಿದರೆ ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ. ಆದರೆ ಶೂ ಸವೆದಿರುವಾಗ, ಇಲ್ಲವೇ ಡ್ರಮ್ ಅಗಲವಾಗಿರುವಾಗ ಸುಮ್ನೆ ಹಲ್ಲು ಬದಲಿಸಿ ಬ್ರೇಕ್ ಬಂತು ಅಂದುಕೊಳ್ಳುವುದು ಅಪಾಯ. ಒಳಗೆ ಕ್ಯಾಮ್ ಅತಿಯಾಗಿ ತಿರುಗಿ ಅಲ್ಲೇ ಸಿಕ್ಕಿಕೊಳ್ಳಬಹುದು. ಆರ್‌ಎಕ್ಸ್ 100ರ ಡ್ರಮ್ 130 ಮಿ.ಮೀ. ಅದು 131 ದಾಟಿದ್ದರೆ ಹೊಸ ಶೂ ಕೂಡ ಸರಿಯಾಗಿ ಕೂರುವುದಿಲ್ಲ. ಲೇತ್ ಅಂಗಡಿಯಲ್ಲಿ ಅಳೆಸಿ ನೋಡಿ.

ಇನ್ನು ಚಕ್ರ ಬಿಚ್ಚಿ. ಹಳೇ ಶೂಗಳ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಬಾಯಿಂದಲೋ ಏರ್‌ನಿಂದಲೋ ಊದಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ. ಹಬ್ಬಿಗೆ (ಚಕ್ರದ ನಡುಭಾಗಕ್ಕೆ) ಕಪ್ಪು ಪೇಂಟ್ ಹೊಡೆದೆ ಎಂದಿದ್ದೀರಲ್ಲ, ಸ್ಪ್ರೇ ಮಾಡುವಾಗ ಡ್ರಮ್ಮಿನ ಒಳಗೂ ಬಿದ್ದಿದೆಯಾ ನೋಡಿ. ಶೂ ಆ ಪೇಂಟನ್ನು ಉಜ್ಜಿ ಉಜ್ಜಿ ತನ್ನ ಮೈಗೇ ಬಳಿದುಕೊಂಡಿರುತ್ತದೆ. ನಮ್ಮ ಕಡೆಯ ಮಳೆಗೆ ಕೊಟ್ಟಿಗೆಯಲ್ಲಿ ನಿಂತ ಗಾಡಿಯ ಡ್ರಮ್ಮಿನಲ್ಲಿ ತುಕ್ಕಿನ ಪದರವೂ ಇದ್ದೇ ಇರುತ್ತದೆ. ಎರಡನ್ನೂ ಎಮರಿ ಪೇಪರಿನಿಂದ ತೆಗೆಯಿರಿ. ತುಕ್ಕು ಗುಂಡಿ ಬಿದ್ದಿದ್ದರೆ ಮಾತ್ರ ಲೇತಿಗೆ ಕೊಡಿ.

ಈಗ ಡ್ರಮ್ಮಿನ ಒಳಗೆ ಸೀಮೆಸುಣ್ಣ ಸವರಿ. ಚಕ್ರ ಜೋಡಿಸಿ ಕೈಯಲ್ಲಿ ತಿರುಗಿಸುತ್ತಾ ಮೆಲ್ಲಗೆ ಬ್ರೇಕ್ ಒತ್ತಿ, ಮತ್ತೆ ಬಿಚ್ಚಿ. ಶೂ ಮೇಲೆ ಬಿಳಿ ಎಲ್ಲಿ ಹತ್ತಿದೆ? ಬರೀ ಎರಡು ತುದಿಯಲ್ಲಿ ಹತ್ತಿದ್ದರೆ ಅಲ್ಲಿ ಮಾತ್ರ ತಾಗುತ್ತಿದೆ ಎಂದರ್ಥ. ಆಗ ಪೆಡಲ್ ಸ್ಪಂಜಿನ ಹಾಗೆ ಒತ್ತುತ್ತದೆ, ಏಕೆಂದರೆ ಶೂ ಬಾಗುತ್ತಿರುತ್ತದೆ. ಬಿಳಿ ಹತ್ತಿದ ಜಾಗವನ್ನು ಸ್ವಲ್ಪ ಸ್ವಲ್ಪ ಉಜ್ಜಿ, ಮತ್ತೆ ಸೀಮೆಸುಣ್ಣ ಹಚ್ಚಿ ನೋಡಿ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ ಹೊಸ ಶೂ ಯಾವ ಕಂಪನಿಯದೇ ಇರಲಿ, ಹಳೇ ಡ್ರಮ್ಮಿಗೆ ತಂದ ದಿನವೇ ಪೂರ್ತಿ ಕೂರುವುದು ಅಪರೂಪ.

ಗ್ರೀಸ್ ವಿಷಯ. ಕ್ಯಾಮ್ ಮತ್ತು ಶೂ ಕೂರುವ ಪಿನ್ನಿಗೆ ತೆಳುವಾಗಿ ಹಚ್ಚಿದರೆ ಸಾಕು. ಜಾಸ್ತಿ ಹಚ್ಚಿದರೆ ಬಿಸಿಗೆ ಕರಗಿ ಲೈನರಿಗೆ (ಶೂ ಮೇಲಿನ ಉಜ್ಜುವ ಪದರಕ್ಕೆ) ಇಳಿಯುತ್ತದೆ. ಗ್ರೀಸ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದರೆ ಮೇಲೆ ಒಣಗಿದ ಹಾಗೆ ಕಾಣುತ್ತದೆ, ಬಿಸಿಯಾದಾಗ ಮತ್ತೆ ಜಿನುಗುತ್ತದೆ. ಅಂಥದ್ದನ್ನು ಎಸೆಯಿರಿ. ಪೆಡಲಿನ ಪಿವಟ್ಟೂ ತುಕ್ಕು ಹಿಡಿದು ಬಿಗಿಯಾಗಿರಬಹುದು, ರಾಡ್ ಕಳಚಿ ಪೆಡಲ್ ಸಲೀಸಾಗಿ ಆಡುತ್ತದಾ ನೋಡಿ.

ಜೋಡಿಸುವಾಗ ಆಕ್ಸಲ್ ನಟ್ ಪೂರ್ತಿ ಬಿಗಿ ಮಾಡುವ ಮೊದಲು ಚಕ್ರ ಒಮ್ಮೆ ತಿರುಗಿಸಿ, ಪೆಡಲ್ ಗಟ್ಟಿಯಾಗಿ ಒತ್ತಿ ಹಿಡಿದು, ಹಿಡಿದುಕೊಂಡೇ ಬಿಗಿ ಮಾಡಿ. ಶೂಗಳು ಡ್ರಮ್ಮಿನ ನಡುವೆ ಬಂದು ಕೂರುತ್ತವೆ. ಚೈನ್ ಆಡ್ಜಸ್ಟ್ ಇದಕ್ಕಿಂತ ಮೊದಲೇ ಮುಗಿದಿರಲಿ, ಏಕೆಂದರೆ ಚಕ್ರ ಹಿಂದೆ ಸರಿದರೆ ರಾಡಿನ ಎಳೆತವೂ ಬದಲಾಗುತ್ತದೆ. ಆಮೇಲೆ ಪೆಡಲಿಗೆ 20ರಿಂದ 30 ಮಿ.ಮೀ. ಪ್ಲೇ (ಬ್ರೇಕ್ ಹಿಡಿಯುವ ಮೊದಲಿನ ಸಡಿಲ ಆಟ) ಬಿಡಿ.

ಶೂಗಳು ಕೂರುವ ಬ್ರೇಕ್ ಪ್ಲೇಟನ್ನು ತಿರುಗದ ಹಾಗೆ ಹಿಡಿದಿಡುವ ಟಾರ್ಕ್ ರಾಡನ್ನು ಮಾತ್ರ ಎರಡು ಸಲ ನೋಡಿ. ನಟ್ ಬಿಗಿಯಾಗಿರಬೇಕು, ಸ್ಪ್ಲಿಟ್ ಪಿನ್ ಇರಬೇಕು. ಅದು ಬಿಚ್ಚಿಕೊಂಡರೆ ಬ್ರೇಕ್ ಹಾಕಿದಾಗ ಪ್ಲೇಟೇ ತಿರುಗಿ ಚಕ್ರ ಲಾಕ್ ಆಗುತ್ತದೆ. ಸ್ಪ್ಲಿಟ್ ಪಿನ್ ಬದಲು ತಂತಿ ಸುತ್ತಿದ ಗಾಡಿ ಕಂಡರೆ ನನಗೆ ಸಿಟ್ಟು ಬರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಹಿಂದಿನ ಬ್ರೇಕೊಂದೇ ಗಾಡಿಯನ್ನು ಗಕ್ಕನೆ ನಿಲ್ಲಿಸುವುದಿಲ್ಲ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಹೋಗುತ್ತದೆ, ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದೇ. ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ ಹೋಗುವ ಆಸೆ ಇದೆ ಎಂದಿದ್ದೀರಿ. ಮೊದಲು ಊರೊಳಗೆ ಓಡಿಸಿ ಶೂ ಪಳಗಲಿ. ಟೂ ಸ್ಟ್ರೋಕ್ ಗಾಡಿಯಲ್ಲಿ ಇಳಿಜಾರಿಗೆ ಎಂಜಿನ್ ತಡೆ ಕಡಿಮೆ, ಆದ್ದರಿಂದ ಘಾಟಿಯಲ್ಲಿ ಸೆಕೆಂಡ್ ಗೇರಿನಲ್ಲೇ ಇಳಿಯಿರಿ, ನ್ಯೂಟ್ರಲ್ ಬೇಡವೇ ಬೇಡ. ಪೆಡಲ್ ಒತ್ತಿ ಹಿಡಿದಾಗ ಲಿವರ್ ಹೇಗೆ ನಿಲ್ಲುತ್ತದೆ ಅಂತ ಪಕ್ಕದಿಂದ ಒಂದು ಫೋಟೋ ತೆಗೆದು ಹಾಕಿ, ಎಷ್ಟು ಹಲ್ಲು ಬದಲಿಸಬೇಕು ಅಂತ ಹೇಳುತ್ತೇನೆ.